ಬಳ್ಳಾರಿ ಧೂಳಿನಲ್ಲಿ ಹಾಕಿ ಆಟದ ಸ್ಕೇಟ್ ಕಾಪಾಡಿಕೊಳ್ಳೋದು ಹೇಗೆ: ಚಕ್ರ, ಬೇರಿಂಗ್ ಮತ್ತೆ ಸ್ವಲ್ಪ ಬ್ಲೇಡಿನ ಮಾತು

ನಿಮ್ಮ ಮಗಳ ಸ್ಕೇಟ್ ಮೊದಲಿನ ಹಾಗೆ ಓಡುತ್ತಿಲ್ಲವಾ? ತಿರುವಿನಲ್ಲಿ ಕಾಲು ಜಾರುತ್ತಿದೆಯಾ? ಹೊಸ ಬೇರಿಂಗ್ (ಚಕ್ರ ಸರಾಗ ತಿರುಗೋಕೆ ಅದರ ನಡುವೆ ಕೂರುವ ಗುಂಡುಗಳ ಬಳೆ) ಆರ್ಡರ್ ಮಾಡೋಕೆ ಮೊಬೈಲ್ ಕೈಗೆತ್ತಿಕೊಳ್ಳುವ ಮೊದಲು ಮನೆಯಲ್ಲಿ ಒಂದು ಅಲೆನ್ ಕೀ, ಒಂದು ಹಳೇ ಬನಿಯನ್ ಇದೆಯಾ ನೋಡಿ. ಬಹಳಷ್ಟು ಸಲ ಅಷ್ಟೇ ಸಾಕಾಗುತ್ತದೆ. ಸ್ಕೇಟಿಗೆ ದುಡ್ಡು ಸುರಿಯುವವರು ನಮ್ಮ ಊರಲ್ಲಿ ಕಮ್ಮಿ ಇಲ್ಲ, ಸ್ಕೇಟ್ ಒರೆಸುವವರೇ ಕಮ್ಮಿ.

ಬಳ್ಳಾರಿಯಲ್ಲಿ ಮಂಜಿನ ಅಂಗಣ ಎಲ್ಲಿಂದ ಬರಬೇಕು. ಇಲ್ಲಿ ಮಕ್ಕಳು ಆಡೋದು ಸಿಮೆಂಟ್ ನೆಲದ ಮೇಲೆ, ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ, ಇಲ್ಲವೇ ಬೆಳಗಿನ ಜಾವ ಖಾಲಿ ಇರುವ ಡಾಂಬರು ರಸ್ತೆಯಲ್ಲಿ. ಹಾಗಾಗಿ ನಮ್ಮ ಹಾಕಿ ಸ್ಕೇಟ್ ಎಂದರೆ ಚಕ್ರದ್ದು. ಐಸ್ ಹಾಕಿ ವಿಡಿಯೋ ನೋಡಿದವರು ಬ್ಲೇಡಿಗೆ ಆಗಾಗ ಸಾಣೆ ಹಿಡಿಸಬೇಕು ಅನ್ನೋದನ್ನು ಕೇಳಿರುತ್ತೀರಿ. ಐಸ್ ಮೇಲೆ ಸಾಣೆಯಿಂದ ಸಿಗುವ ಹಿಡಿತ ಮತ್ತು ಓಟ ಇಲ್ಲಿ ಸಿಗುವುದು ಚಕ್ರವನ್ನು ಹೊತ್ತಿಗೆ ಸರಿಯಾಗಿ ತಿರುಗಿಸಿ ಹಾಕುವುದರಿಂದ, ಬೇರಿಂಗ್ ಶುಚಿ ಇಡುವುದರಿಂದ. ಐಸ್ ಮೇಲೆ ಆಡೋಕೆ ಲೇಹ್‌ಗೋ ಗುರುಗ್ರಾಮಕ್ಕೋ ಹೋಗುವ ಮಕ್ಕಳಿಗೆ ಬೇಕಾದ ಬ್ಲೇಡಿನ ಮಾತು ಕಡೆಗೆ ಇದೆ.

ಮೊದಲು ಧೂಳಿನ ವಿಷಯ

ಸಂಡೂರಿನ ಕಡೆಯಿಂದ ಅದಿರು ಲಾರಿ ಓಡಾಡುವ ಜಿಲ್ಲೆ ಇದು. ಕಿಟಕಿ ಸರಳಿನ ಮೇಲೆ ಬೆರಳಾಡಿಸಿದರೆ ಕೆಂಪಗೆ ಹತ್ತುತ್ತದೆ, ಗೊತ್ತಲ್ಲ. ಅದು ಬರೀ ಮಣ್ಣಲ್ಲ, ಅದರಲ್ಲಿ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್ ಇದೆ. ಅಕ್ಕಸಾಲಿಗರು ಚಿನ್ನ ಬೆಳ್ಳಿಗೆ ಹೊಳಪು ಕೊಡೋಕೆ ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಅಂದರೆ ಲೋಹವನ್ನು ಉಜ್ಜಿ ಸವೆಸುವ ಗುಣ ಅದಕ್ಕೆ ಹುಟ್ಟಿನಿಂದ ಬಂದದ್ದು. ಆ ಧೂಳು ಬೇರಿಂಗಿನ ಒಳಗೆ ಹೋಗಿ ಎಣ್ಣೆ ಜೊತೆ ಸೇರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇದರ ಮೇಲೆ ಬೇಸಿಗೆಯಲ್ಲಿ ಎರೆಮಣ್ಣಿನ ನುಣುಪು ಪುಡಿ ಬೇರೆ.

ಧೂಳು ಇನ್ನೊಂದು ಕಡೆಯೂ ಕೆಲಸ ಕೆಡಿಸುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ಚಕ್ರದ ಮೈಮೇಲೆ ಧೂಳಿನ ಪದರ ಕೂತರೆ ಹೊಸ ಚಕ್ರವೂ ಜಾರುತ್ತದೆ. ಮಕ್ಕಳು ಬ್ರೇಕ್ ಹಾಕುವಾಗ ಬಿದ್ದರೆ ಚಕ್ರ ಸವೆದಿದೆ ಅಂತ ತೀರ್ಮಾನ ಮಾಡಬೇಡಿ. ಆಟ ಶುರುವಾಗುವ ಮೊದಲು ಕೋರ್ಟ್ ಗುಡಿಸಿ, ಅಗಲ ಮಾಪ್ ಇದ್ದರೆ ಒಂದು ಸುತ್ತು ಎಳೆಯಿರಿ, ಚಕ್ರಗಳನ್ನು ಸ್ವಲ್ಪವೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ಆಮೇಲೆ ಒಣ ಬಟ್ಟೆಯಿಂದ ಒರೆಸಿ. ಬಟ್ಟೆ ಹಿಂಡಿರಬೇಕು, ನೀರು ತೊಟ್ಟಿಕ್ಕಬಾರದು. ಎರಡು ನಿಮಿಷದ ಕೆಲಸ. ಬಿಟ್ಟಿ ಸಿಗುವ ಹಿಡಿತ ಇದು.

ಕೈಯಲ್ಲಿ ಹಿಡಿದು ನೋಡಿ

ಸ್ಕೇಟನ್ನು ಬೆಳಕಿಗೆ ಹಿಡಿದು ಮುಂದಿನಿಂದ ನೋಡಿ. ಹೊಸ ಚಕ್ರದ ತುದಿ ಎರಡೂ ಕಡೆ ಒಂದೇ ಸಮ ದುಂಡಗೆ ಇರುತ್ತದೆ. ಆಡಿದ ಚಕ್ರ ಒಳಗಡೆಗೆ, ಅಂದರೆ ಇನ್ನೊಂದು ಕಾಲಿನ ಕಡೆಗೆ, ಓರೆಯಾಗಿ ಸವೆದಿರುತ್ತದೆ. ಯಾಕೆಂದರೆ ನಾವು ನೆಲವನ್ನು ತಳ್ಳೋದು ಒಳ ಅಂಚಿನಿಂದಲೇ. ಆ ಓರೆ ಕಣ್ಣಿಗೆ ಎದ್ದು ಕಾಣುತ್ತಿದ್ದರೆ ಚಕ್ರ ಬದಲಿಸಿ ಹಾಕುವ ಹೊತ್ತು ಬಂದಿದೆ.

ಆಮೇಲೆ ಒಂದೊಂದೇ ಚಕ್ರ ತಿರುಗಿಸಿ ಕಿವಿಗೊಡಿ. ಸುಂಯ್ ಅಂತ ತೆಳ್ಳಗೆ ಸದ್ದು ಬಂದರೆ ಸರಿ. ಕರಕರ ಅಂದರೆ ಒಳಗೆ ಧೂಳು. ತಿರುಗಿಸಿದಾಗ ಎರಡು ಸುತ್ತಿಗೇ ನಿಂತರೆ ಗಾಬರಿ ಬೇಡ. ಗ್ರೀಸ್ ತುಂಬಿದ ಬೇರಿಂಗ್ ಕೈಯಲ್ಲಿ ಜಾಸ್ತಿ ಹೊತ್ತು ತಿರುಗುವುದಿಲ್ಲ, ಮೈಭಾರ ಬಿದ್ದಾಗ ಚೆನ್ನಾಗಿಯೇ ಓಡುತ್ತದೆ. ಎಷ್ಟು ಹೊತ್ತು ತಿರುಗುತ್ತದೆ ಅಂತ ಗಡಿಯಾರ ಹಿಡಿದು ವಿಡಿಯೋ ಹಾಕುವವರನ್ನು ನಂಬಬೇಡಿ. ಚಕ್ರವನ್ನು ಅಡ್ಡಡ್ಡ ಅಲ್ಲಾಡಿಸಿ ನೋಡಿ, ಟಕಟಕ ಅಂತ ಜಾಸ್ತಿ ಆಡಿದರೆ ಒಂದೋ ಬೋಲ್ಟ್ ಸಡಿಲವಾಗಿದೆ ಅಥವಾ ಬೇರಿಂಗ್ ಮುಗಿದಿದೆ.

ಚಕ್ರ ಬದಲಿಸಿ ಹಾಕುವುದು

ಇನ್‌ಲೈನ್ ಹಾಕಿ ಸ್ಕೇಟಿನಲ್ಲಿ ಒಂದು ಕಾಲಿಗೆ ಒಂದೇ ಸಾಲಿನಲ್ಲಿ ನಾಲ್ಕು ಚಕ್ರ. ಬಿಚ್ಚೋಕೆ ಸಾಮಾನ್ಯವಾಗಿ 4 ಎಂಎಂ ಅಲೆನ್ ಕೀ ಬೇಕು, ಕೆಲವು ಸ್ಕೇಟಿಗೆ ನಕ್ಷತ್ರದ ಆಕಾರದ ಟಾರ್ಕ್ಸ್ ಕೀ. ಬಿಚ್ಚುವ ಮೊದಲು ಒಂದು ಕೆಲಸ ಮಾಡಿ, ಆಮೇಲೆ ತಲೆಬಿಸಿ ಇರೋದಿಲ್ಲ: ಪ್ರತಿ ಚಕ್ರದ ಒಳಬದಿಗೆ, ಅಂದರೆ ಸವೆದ ಬದಿಗೆ, ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಡಿ. ತಿರುಗಿ ಹಾಕುವಾಗ ಆ ಚುಕ್ಕೆ ಹೊರಗೆ ಕಾಣಬೇಕು. ಅಷ್ಟೇ ಲೆಕ್ಕ.

ಯಾವುದು ಎಲ್ಲಿಗೆ ಹೋಗಬೇಕು ಅನ್ನೋದು ಚಕ್ರದ ಅಳತೆ ಮೇಲೆ ನಿಂತಿದೆ. ನಾಲ್ಕೂ ಒಂದೇ ಅಳತೆಯವಾದರೆ ಒಂದನೆಯದನ್ನು ಮೂರಕ್ಕೆ, ಮೂರನೆಯದನ್ನು ಒಂದಕ್ಕೆ, ಎರಡನೆಯದನ್ನು ನಾಲ್ಕಕ್ಕೆ, ನಾಲ್ಕನೆಯದನ್ನು ಎರಡಕ್ಕೆ ಹಾಕಿ. ಕಾಲ್ಬೆರಳ ಕಡೆಗಿರುವುದು ಒಂದು ಅಂತ ಎಣಿಸಿ. ಆದರೆ ಹಾಕಿ ಸ್ಕೇಟುಗಳಲ್ಲಿ ಬಹಳಷ್ಟು ಹೈ-ಲೋ ಮಾದರಿಯವು, ಮುಂದಿನ ಎರಡು 76 ಎಂಎಂ, ಹಿಂದಿನ ಎರಡು 80 ಎಂಎಂ. ಸಣ್ಣ ಮಕ್ಕಳ ಸ್ಕೇಟಿನಲ್ಲಿ ಎರಡೂ ಇನ್ನೂ ಚಿಕ್ಕವು. ಅಳತೆ ಚಕ್ರದ ಮೇಲೇ ಅಚ್ಚಾಗಿರುತ್ತದೆ, ಓದಿ. ಹೈ-ಲೋ ಆದರೆ ಮುಂದಿನ ಎರಡನ್ನು ತಮ್ಮ ತಮ್ಮಲ್ಲೇ, ಹಿಂದಿನ ಎರಡನ್ನು ತಮ್ಮ ತಮ್ಮಲ್ಲೇ ಅದಲು ಬದಲು ಮಾಡಬೇಕು. ಹಿಂದಿನದನ್ನು ಮುಂದೆ ತುರುಕಿದರೆ ಬೂಟಿನ ಓಟವೇ ಬದಲಾಗುತ್ತದೆ, ಕೆಲವು ಫ್ರೇಮಿನಲ್ಲಿ ಚಕ್ರ ಉಜ್ಜುತ್ತದೆ ಕೂಡ. ಎಡಗಾಲಿಗಿಂತ ಬಲಗಾಲಿನವು ಜಾಸ್ತಿ ಸವೆದಿದ್ದರೆ ಎಡಬಲವನ್ನೂ ಅದಲು ಬದಲು ಮಾಡಿ. ಒಂದೇ ಕಡೆಗೆ ಬ್ರೇಕ್ ಹಾಕುವ ಮಕ್ಕಳಲ್ಲಿ ಇದು ಸಾಮಾನ್ಯ.

ಒಂದು ಉಳಿತಾಯದ ಉಪಾಯ ಇದೆ. ಹಿಂದಿನ 80ರ ಚಕ್ರ ಸವೆದು ಸವೆದು 76ಕ್ಕೆ ಇಳಿದಾಗ ಅದನ್ನು ಎಸೆಯಬೇಡಿ, ಮುಂದಕ್ಕೆ ಹಾಕಿ, ಹಿಂದಕ್ಕೆ ಮಾತ್ರ ಹೊಸದು ತನ್ನಿ. ವರ್ನಿಯರ್ ಕ್ಯಾಲಿಪರ್ ಇದ್ದರೆ ಚೆಂದ, ಇಲ್ಲದಿದ್ದರೆ ಸ್ಕೂಲ್ ಸ್ಕೇಲಿನಲ್ಲೂ ಅಂದಾಜು ಸಿಗುತ್ತದೆ. ಮುಂದೆ ಹಾಕುವ ಎರಡೂ ಒಂದೇ ಅಳತೆ, ಒಂದೇ ಗಟ್ಟಿತನದವು ಇರಬೇಕು. ಒಂದು ಚಕ್ರ ಸಣ್ಣದಾಗಿ ನೆಲ ಮುಟ್ಟದೇ ನೇತಾಡುತ್ತಿದ್ದರೆ ಉಳಿದವುಗಳ ಮೇಲೆ ಭಾರ ಬೀಳುತ್ತದೆ.

ಎಷ್ಟು ದಿನಕ್ಕೊಮ್ಮೆ? ದಿನಾ ಆಡುವವರು ಎರಡು ವಾರಕ್ಕೊಮ್ಮೆಯಾದರೂ ನೋಡಬೇಕು. ತಾರೀಕು ನೋಡಬೇಡಿ, ಚಕ್ರ ನೋಡಿ. ಡಾಂಬರಿನ ಮೇಲೆ ಆಡಿದ ವಾರ ಸಿಮೆಂಟಿನ ತಿಂಗಳಿಗಿಂತ ಜಾಸ್ತಿ ತಿನ್ನಬಹುದು.

ಗಟ್ಟಿತನದ ನಂಬರ್

ಚಕ್ರದ ಮೇಲೆ 76ಎ, 82ಎ, 84ಎ ಅಂತೆಲ್ಲ ಬರೆದಿರುತ್ತದಲ್ಲ, ಅದು ಗಟ್ಟಿತನ. ನಂಬರ್ ಜಾಸ್ತಿಯಾದಷ್ಟೂ ಚಕ್ರ ಗಟ್ಟಿ. ಮೆತ್ತಗಿನ ಚಕ್ರ, ಅಂದರೆ 74ರಿಂದ 78ರ ಆಸುಪಾಸಿನದು, ಒಳಾಂಗಣದ ನುಣುಪು ನೆಲಕ್ಕೆ. ಅಲ್ಲಿ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದನ್ನೇ ಒರಟು ಡಾಂಬರಿನ ಮೇಲೆ ಓಡಿಸಿದರೆ ಚೂರು ಚೂರಾಗಿ ಕಿತ್ತು ಬರುತ್ತದೆ. ಹೊರಗೆ ಆಡೋಕೆ 84ರ ಆಸುಪಾಸಿನದು ತನ್ನಿ. ಅದೇ ಗಟ್ಟಿ ಚಕ್ರವನ್ನು ನುಣುಪು ನೆಲಕ್ಕೆ ತಂದರೆ ಮಗು ತಿರುವಿನಲ್ಲಿ ಜಾರುತ್ತದೆ, ಕೋಚ್ ಬೈಯುತ್ತಾರೆ, ತಪ್ಪು ಮಗುವಿನದಲ್ಲ.

ಮೈಭಾರವೂ ಲೆಕ್ಕಕ್ಕೆ ಬರುತ್ತದೆ. ಹಗುರ ಮಕ್ಕಳಿಗೆ ಸ್ವಲ್ಪ ಮೆತ್ತಗಿನದು, ದಪ್ಪ ಆಟಗಾರರಿಗೆ ಸ್ವಲ್ಪ ಗಟ್ಟಿ. ನಮ್ಮ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಚಕ್ರ ಮಾಡಿರುವ ಪಾಲಿಯುರಿಥೇನ್ ಬಿಸಿಯಾದಷ್ಟೂ ಮೆತ್ತಗಾಗುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಸಂಜೆ ನಾಲ್ಕಕ್ಕೆ ಕಾದ ಸಿಮೆಂಟಿನ ಮೇಲೆ ಆಡಿಸಿದರೆ ಚಕ್ರ ಬೇಗ ಸವೆಯುತ್ತದೆ. ಬೆಳಗ್ಗೆ ಆಡಿಸಿ. ಚಕ್ರಕ್ಕೂ ಒಳ್ಳೇದು, ಮಕ್ಕಳಿಗೂ ಒಳ್ಳೇದು.

ಬೇರಿಂಗ್ ತೊಳೆಯುವುದು

ಕೆಲಸ ಅಂದರೆ ಇದೇ. ಒಂದು ಚಕ್ರಕ್ಕೆ ಎರಡು ಬೇರಿಂಗ್, ಒಂದು ಜೊತೆ ಸ್ಕೇಟಿಗೆ 16. ಸಾಮಾನ್ಯವಾಗಿ ಎಲ್ಲವೂ 608 ಅನ್ನುವ ಅಳತೆಯವು: ಒಳತೂತು 8 ಎಂಎಂ, ಹೊರಸುತ್ತು 22, ದಪ್ಪ 7. ಹಲವು ಸಣ್ಣ ಯಂತ್ರಗಳಲ್ಲಿ ಇದೇ ಅಳತೆ ಬಳಸುವುದರಿಂದ ಬೇರಿಂಗ್ ಅಂಗಡಿಯಲ್ಲಿ 608 ಅಂದರೆ ಸಾಕು, ಗೊತ್ತಾಗುತ್ತದೆ.

ಚಕ್ರ ಬಿಚ್ಚಿದ ಮೇಲೆ ಮೊದಲು ಒಣ ಬ್ರಷ್‌ನಿಂದ ಹೊರಗಿನ ಧೂಳು ಕೊಡವಿ. ಬೇರಿಂಗನ್ನು ಹೊರಗೆ ತಳ್ಳುವಾಗ ಆ ಧೂಳು ಒಳಕ್ಕೆ ಹೋಗಬಾರದು ಅಂತ. ಒಂದು ಬದಿಯಿಂದ ಸ್ಪೇಸರನ್ನು, ಅಂದರೆ ಎರಡು ಬೇರಿಂಗಿನ ನಡುವಿನ ಸಣ್ಣ ಕೊಳವೆಯನ್ನು, ಒತ್ತಿದರೆ ಇನ್ನೊಂದು ಬದಿಯ ಬೇರಿಂಗ್ ಆಚೆ ಬರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಮುಚ್ಚಳ ತಗ್ಗಿಬಿಡುತ್ತದೆ. ಸ್ಪೇಸರುಗಳನ್ನು ಒಂದು ಬಟ್ಟಲಲ್ಲಿ ಹಾಕಿಡಿ, ಅದರ ಬೆಲೆ ಆಮೇಲೆ ಗೊತ್ತಾಗುತ್ತದೆ.

ಈಗ ಮುಚ್ಚಳ ನೋಡಿ. ರಬ್ಬರಿನದಾದರೆ ಒಳ ಅಂಚಿನಲ್ಲಿ ಸೂಜಿ ತೂರಿಸಿ ಮೆಲ್ಲಗೆ ಎತ್ತಿ, ಬರುತ್ತದೆ. ತಗಡಿನದಾದರೆ ಸುತ್ತ ಒಂದು ತೆಳು ತಂತಿಯ ರಿಂಗ್ ಇರುತ್ತದೆ, ಅದರ ತುದಿ ಹುಡುಕಿ ಸೂಜಿಯಿಂದ ಎಬ್ಬಿಸಬೇಕು. ಅದು ಚಿಮ್ಮಿ ಎಲ್ಲಿಗೋ ಹಾರುತ್ತದೆ, ಅದಕ್ಕೇ ತಟ್ಟೆಯ ಮೇಲೆ ಇಟ್ಟುಕೊಂಡು ಮಾಡಿ. ರಿಂಗೇ ಕಾಣದಿದ್ದರೆ ಅದು ಬಿಚ್ಚುವ ಬೇರಿಂಗ್ ಅಲ್ಲ. ಹೊರಗಿನಿಂದ ಒರೆಸಿ ಬಳಸಿ, ಕರಕರ ಶುರುವಾದರೆ ಬದಲಿಸಿ.

ಮುಚ್ಚಳ ತೆಗೆದು ಒಳಗೆ ನೋಡಿದರೆ ಬೇಸರವಾಗುತ್ತದೆ. ಏಳು ಗುಂಡುಗಳು ಸಾಮಾನ್ಯವಾಗಿ ಇರುತ್ತವೆ, ಅವು ಕಾಣಲೇ ಇಲ್ಲ, ಎಣ್ಣೆ ಕಲಸಿದ ಶೇಂಗಾ ಚಟ್ನಿಪುಡಿ ಮೆತ್ತಿದ ಹಾಗೆ ಕೆಂಗಂದು ಬಣ್ಣದ್ದು ಅಂಟಿಕೊಂಡಿರುತ್ತದೆ. ಇದನ್ನು ನೋಡಿದ ಮೇಲೂ ಮೇಲಿಂದ ಎರಡು ಹನಿ ಎಣ್ಣೆ ಬಿಟ್ಟರೆ ಸಾಕು ಅನ್ನುವವರಿದ್ದಾರೆ. ಧೂಳಿನ ಮೇಲೆ ಎಣ್ಣೆ ಬಿಟ್ಟರೆ ಆ ಲೇಪ ಇನ್ನಷ್ಟು ಚೆನ್ನಾಗಿ ಹರಡಿಕೊಂಡು ಸವೆಸುತ್ತದೆ, ಅಷ್ಟೇ.

ತೊಳೆಯೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಒಳ್ಳೇದು. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯೋಕೆ ಬಳಸುವುದು ಅದನ್ನೇ, ಎಲ್ಲಿ ಸಿಗುತ್ತದೆ ಅಂತ ಅವರನ್ನೇ ಕೇಳಿ. ಮೆಡಿಕಲ್ ಶಾಪಿನಲ್ಲಿ ಸಿಗುವ 70 ಶೇಕಡದ್ದು ಬೇಡ, ಅದರಲ್ಲಿ ಉಳಿದದ್ದು ನೀರು, ನೀರಿದ್ದರೆ ತುಕ್ಕು. ಸೀಮೆಎಣ್ಣೆಯಲ್ಲೂ ಕೊಳೆ ಬಿಡುತ್ತದೆ, ಆದರೆ ಜಿಡ್ಡು ಉಳಿಯುತ್ತದೆ, ಕಡೆಗೆ ಚೆನ್ನಾಗಿ ಒರೆಸಬೇಕು. ಪೆಟ್ರೋಲ್ ಬೇಡ. ಅಡುಗೆಮನೆ ಪಕ್ಕ ಮಕ್ಕಳನ್ನು ಕೂರಿಸಿಕೊಂಡು ಪೆಟ್ರೋಲಿನಲ್ಲಿ ಬೇರಿಂಗ್ ಅದ್ದುವುದು ಎಷ್ಟು ಅಪಾಯ ಅಂತ ನಾನು ಹೇಳಬೇಕಾ? ಅಸಿಟೋನೂ ಬೇಡ, ಗುಂಡು ಹಿಡಿದಿಡುವ ಪಂಜರ ಪ್ಲಾಸ್ಟಿಕ್ಕಿನದಿದ್ದರೆ ಹಾಳಾಗಬಹುದು. ಆಲ್ಕೋಹಾಲೂ ಬೆಂಕಿ ಹಿಡಿಯುವಂಥದ್ದೇ, ಒಲೆಯಿಂದ ದೂರ, ಕಿಟಕಿ ತೆಗೆದು ಕೆಲಸ ಮಾಡಿ.

ಅಗಲ ಬಾಯಿಯ ಸಣ್ಣ ಬಾಟಲಿಯಲ್ಲಿ ಬೇರಿಂಗುಗಳನ್ನು ಹಾಕಿ, ಮುಳುಗುವಷ್ಟು ದ್ರವ ಸುರಿದು, ಮುಚ್ಚಿ ಕುಲುಕಿ. ಮೊದಲ ಸಲ ಚಹಾದ ಬಣ್ಣ ಬರುತ್ತದೆ. ಚೆಲ್ಲಿ, ಹೊಸದು ಹಾಕಿ, ಮತ್ತೆ ಕುಲುಕಿ. ದ್ರವ ತಿಳಿಯಾಗುವ ತನಕ ಬಿಡಬೇಡಿ. ಆಮೇಲೆ ಒಂದೊಂದನ್ನೇ ಕಾಗದದ ಮೇಲೆ ಕುಟ್ಟಿ ಹನಿ ಇಳಿಸಿ, ಫ್ಯಾನಿನ ಕೆಳಗೆ ಹರಡಿ. ನಮ್ಮ ಹವೆಗೆ ಬೇಗ ಒಣಗುತ್ತದೆ.

ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಹೊಡೆಸಿ ಬೇರಿಂಗನ್ನು ಝುಂಯ್ ಅಂತ ತಿರುಗಿಸುವುದು ನೋಡೋಕೆ ಮಜಾ. ಮಾಡಬೇಡಿ. ಎಣ್ಣೆ ಇಲ್ಲದ ಒಣ ಬೇರಿಂಗ್ ಆ ವೇಗದಲ್ಲಿ ತಿರುಗಿದರೆ ಗುಂಡುಗಳ ಮೈ ಗೀರುತ್ತದೆ, ಸಿಡಿದರೆ ಕಣ್ಣಿಗೂ ಕೆಟ್ಟದ್ದು. ಕಂಪ್ರೆಸರ್ ಗಾಳಿಯಲ್ಲಿ ನೀರಿನ ಪಸೆಯೂ ಇರುತ್ತದೆ.

ಯಾವ ಎಣ್ಣೆ?

ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಹೊಲಿಗೆ ಮಷಿನ್ ಎಣ್ಣೆಗೆ ಇಲ್ಲಿ ಬರ ಇಲ್ಲ, ಅದು ಸ್ಕೇಟಿಗೆ ಚೆನ್ನಾಗಿಯೇ ಒಪ್ಪುತ್ತದೆ. ತೆಳು ಎಣ್ಣೆ, ಹಾಗಾಗಿ ಸರಾಗ ಓಟ. ಒಂದು ಬೇರಿಂಗಿಗೆ ಒಂದೋ ಎರಡೋ ಹನಿ, ಬೆರಳಿನಿಂದ ತಿರುಗಿಸಿ ಹರಡಿ, ಆಚೆ ಬಂದದ್ದನ್ನು ಒರೆಸಿ. ಜಾಸ್ತಿ ಹಾಕಿದರೆ ಜಾಸ್ತಿ ಓಡುತ್ತದೆ ಅಂತ ಏನೂ ಇಲ್ಲ, ಜಾಸ್ತಿ ಧೂಳು ಹಿಡಿಯುತ್ತದೆ.

ಇಷ್ಟಾದರೂ ನಾನು ಹೇಳೋದು, ಹೊರಗೆ ಆಡುವ ಮಕ್ಕಳಿಗೆ ಎಣ್ಣೆಗಿಂತ ಗ್ರೀಸ್ ಮೇಲು. ತೆಳು ಲಿಥಿಯಂ ಗ್ರೀಸನ್ನು ಕಡ್ಡಿ ತುದಿಯಲ್ಲಿ ತೆಗೆದು ಗುಂಡುಗಳ ನಡುವೆ ಸ್ವಲ್ಪ ತುಂಬಿ. ಮೊದಲ ಎರಡು ದಿನ ಓಟ ಭಾರ ಅನ್ನಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಗ್ರೀಸ್ ಧೂಳನ್ನು ಬಾಗಿಲಲ್ಲೇ ತಡೆಯುತ್ತದೆ, ತೊಳೆಯುವ ಕೆಲಸ ಅಷ್ಟು ಸಲ ಬರುವುದಿಲ್ಲ. ಪಂದ್ಯದ ವಾರದಲ್ಲಿ, ಒಳಾಂಗಣದಲ್ಲಿ ಆಡುವುದಾದರೆ ಎಣ್ಣೆಗೆ ಬದಲಿಸಿಕೊಳ್ಳಿ.

ಕೊಬ್ಬರಿ ಎಣ್ಣೆ ಬೇಡವೇ ಬೇಡ. ಕಾಲಕ್ರಮೇಣ ಅಂಟಾಗುತ್ತದೆ, ಚಳಿಗಾಲದ ಬೆಳಗ್ಗೆ ಗಟ್ಟಿಯಾಗುತ್ತದೆ. ಡಬ್ಲ್ಯೂಡಿ-40 ಸ್ಪ್ರೇ ಕೊಳೆ ಬಿಡಿಸೋಕೆ ಆಗುತ್ತದೆ, ಆದರೆ ಅದೇ ಎಣ್ಣೆ ಅಂದುಕೊಂಡು ಹಾಗೇ ಬಿಟ್ಟರೆ ಇದ್ದ ಗ್ರೀಸೂ ಕರಗಿ ಹೋಗಿ ಬೇರಿಂಗ್ ಒಣಗುತ್ತದೆ. ಅದನ್ನು ಹೊಡೆದರೆ ಆಮೇಲೆ ಸರಿಯಾದ ಎಣ್ಣೆ ಹಾಕಲೇಬೇಕು.

ತಿರುಗಿ ಜೋಡಿಸುವಾಗ ಸ್ಪೇಸರ್ ಮರೆಯಬೇಡಿ. ಎರಡು ಬೇರಿಂಗಿನ ನಡುವೆ ಆ ಸಣ್ಣ ಕೊಳವೆ ಇಲ್ಲದಿದ್ದರೆ ಬೋಲ್ಟ್ ಬಿಗಿದಂತೆಲ್ಲ ಬೇರಿಂಗಿನ ಮೇಲೆ ಪಕ್ಕದಿಂದ ಒತ್ತಡ ಬಿದ್ದು ಚಕ್ರ ನಿಂತುಬಿಡುತ್ತದೆ. ಬಿಗಿದ ಮೇಲೆ ಚಕ್ರ ಸಿಕ್ಕಿಕೊಂಡರೆ ಬೋಲ್ಟ್ ಸಡಿಲ ಬಿಟ್ಟು ಆಡಿಸುವುದು ಪರಿಹಾರ ಅಲ್ಲ. ಬಿಚ್ಚಿ, ಸ್ಪೇಸರ್ ಇದೆಯಾ, ಬೇರಿಂಗ್ ಪೂರ್ತಿ ಒಳಗೆ ಕೂತಿದೆಯಾ ನೋಡಿ. ಮುಚ್ಚಳ ಒಂದೇ ಕಡೆ ಇರುವ ಬೇರಿಂಗ್ ಆದರೆ ತೆರೆದ ಬದಿ ಒಳಕ್ಕೆ, ಮುಚ್ಚಳ ಹೊರಕ್ಕೆ.

ತೊಳೆದು ಎಣ್ಣೆ ಹಾಕಿದ ಮೇಲೂ ಕರಕರ ಅಂದರೆ, ಗುಂಡಿನ ಮೇಲೆ ಕಂದು ಕಲೆ ಕಂಡರೆ, ಎಸೆಯಿರಿ. ಹೊಸದು ತರುವಾಗ ಎಬಿಇಸಿ 5, 7, 9 ಅಂತ ನಂಬರ್ ಹೇಳಿ ದುಡ್ಡು ಜಾಸ್ತಿ ಕೇಳುತ್ತಾರೆ. ಆ ನಂಬರ್ ಹೇಳುವುದು ಅಳತೆ ಎಷ್ಟು ಕರಾರುವಾಕ್ಕು ಅನ್ನೋದನ್ನು ಮಾತ್ರ. ಉಕ್ಕು ಎಂಥದ್ದು, ಮುಚ್ಚಳ ಎಂಥದ್ದು, ಧೂಳು ತಡೆಯುತ್ತದಾ ಅನ್ನೋದನ್ನು ಅದು ಹೇಳುವುದಿಲ್ಲ. ನಮ್ಮ ಊರಿಗೆ ಎರಡೂ ಬದಿ ರಬ್ಬರ್ ಮುಚ್ಚಳ ಇರುವ ಸಾಧಾರಣ ಬೇರಿಂಗ್ ಸಾಕು. ಕೆಂಧೂಳಿಗೆ 9 ಕಂಡರೆ ಭಯ ಏನಿಲ್ಲ.

ಮುಂದೆ ಎರಡು, ಹಿಂದೆ ಎರಡು ಚಕ್ರ ಇರುವ ಕ್ವಾಡ್ ಸ್ಕೇಟಿನಲ್ಲಿ ಆಡುವವರಿಗೂ ಬೇರಿಂಗಿನ ಮಾತೆಲ್ಲ ಇದೇ. ಜೊತೆಗೆ ಮುಂದಿನ ಟೋ ಸ್ಟಾಪ್ ರಬ್ಬರ್ ಸವೆದು ಬೋಲ್ಟ್ ನೆಲಕ್ಕೆ ತಾಗುತ್ತಿದೆಯಾ ನೋಡಿ, ಟ್ರಕ್ಕಿನ, ಅಂದರೆ ಚಕ್ರಗಳ ಅಚ್ಚು ಹಿಡಿದಿರುವ ಭಾಗದ, ರಬ್ಬರ್ ಕುಶನ್ ಬಿರುಕು ಬಿಟ್ಟಿದ್ದರೆ ಬದಲಿಸಿ.

ಆಟ ಮುಗಿದ ಮೇಲೆ ಸ್ಕೇಟನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಬೂಟಿನ ಅಂಟು ಬಿಡುತ್ತದೆ. ಮಳೆಯಲ್ಲಿ ನೆನೆದರೆ ಅವತ್ತೇ ಬಿಚ್ಚಿ ಒರೆಸಿ, ನಾಳೆಗೆ ಅಂತ ಇಟ್ಟರೆ ತುಕ್ಕು ಹಿಡಿದಿರುತ್ತದೆ.

ಇನ್ನು ಐಸ್ ಮೇಲೆ ಆಡುವವರಿಗೆ

ಚಕ್ರದ ಮೇಲೆ ಕಲಿತ ಮಕ್ಕಳು ಐಸಿಗೆ ಹೋಗುವುದು ಈಗ ಅಪರೂಪ ಅಲ್ಲ. ಗುರುಗ್ರಾಮದ ಮಾಲ್ ಒಂದರಲ್ಲಿ ರಿಂಕ್, ಅಂದರೆ ಐಸ್ ಅಂಗಣ, ಇದೆ, ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡೆಗೆ ಕಟ್ಟಿದ್ದು ಇದೆ, ಲೇಹ್‌ನಲ್ಲಿ ಚಳಿಗಾಲಕ್ಕೆ ಕೊಳವೇ ಹೆಪ್ಪುಗಟ್ಟುತ್ತದೆ. ಅಲ್ಲಿಗೆ ಹೊರಡುವ ಮೊದಲು ಇದನ್ನು ತಿಳಿದುಕೊಳ್ಳಿ.

ಐಸ್ ಹಾಕಿ ಬ್ಲೇಡ್ ಚಾಕುವಿನ ಹಾಗೆ ಮೊನೆ ಇರುವಂಥದ್ದಲ್ಲ. ಸುಮಾರು 3 ಎಂಎಂ ದಪ್ಪದ ಪಟ್ಟಿ, ತಳದಲ್ಲಿ ಉದ್ದಕ್ಕೂ ಒಂದು ತಗ್ಗು ಕೊರೆದಿರುತ್ತದೆ, ಆ ತಗ್ಗಿನ ಎರಡು ಬದಿಗೆ ಎರಡು ಅಂಚು. ಐಸನ್ನು ಹಿಡಿಯುವುದು ಈ ಅಂಚುಗಳು. ಕುಡುಗೋಲಿಗೆ ಸಾಣೆ ಹಿಡಿಯುವವರು ನಮ್ಮಲ್ಲಿ ಕೈ ಪಳಗಿದವರೇ ಇದ್ದಾರೆ, ಆದರೆ ದಯವಿಟ್ಟು ಸ್ಕೇಟನ್ನು ಅವರ ಬಳಿ ಒಯ್ಯಬೇಡಿ. ಅವರ ಕಲ್ಲು ಈ ತಗ್ಗನ್ನು ಕೊರೆಯುವುದಿಲ್ಲ, ಬಿಸಿ ಏರಿದರೆ ಉಕ್ಕಿನ ಹದವೂ ಕೆಡುತ್ತದೆ. ಸ್ಕೇಟಿಗೆ ಸಾಣೆ ಹಿಡಿಯುವ ಯಂತ್ರದಲ್ಲಿ ಕಲ್ಲಿನ ಅಂಚನ್ನೇ ಬೇಕಾದ ದುಂಡಿಗೆ ತಿದ್ದಿ ಬ್ಲೇಡನ್ನು ಉದ್ದಕ್ಕೆ ಓಡಿಸುತ್ತಾರೆ. ರಿಂಕಿನಲ್ಲೇ ಮಾಡಿಸಿ. ಹೊಸ ಸ್ಕೇಟ್ ಪೆಟ್ಟಿಗೆಯಿಂದ ತೆಗೆದದ್ದೂ ಸಾಮಾನ್ಯವಾಗಿ ಸಾಣೆ ಆಗಿರುವುದಿಲ್ಲ.

ಅಲ್ಲಿ ನಿಮ್ಮನ್ನು ಕೇಳುವ ಪ್ರಶ್ನೆ, ಹಾಲೋ ಎಷ್ಟು? ತಗ್ಗಿನ ದುಂಡನ್ನು ಇಂಚಿನಲ್ಲಿ ಹೇಳುತ್ತಾರೆ. ಅರ್ಧ ಇಂಚು ಎಲ್ಲರಿಗೂ ನಡೆಯುವ ಅಳತೆ. 3/8 ಅಂದರೆ ತಗ್ಗು ಆಳ, ಅಂಚು ಚುರುಕು, ಹಿಡಿತ ಜಾಸ್ತಿ, ಜಾರುವ ಓಟ ಕಮ್ಮಿ. 5/8 ಅಥವಾ 3/4 ಅಂದರೆ ತಗ್ಗು ಆಳ ಇಲ್ಲ, ಓಟ ಸರಾಗ, ಹಿಡಿತ ಕಮ್ಮಿ. ಹಗುರ ಮಕ್ಕಳಿಗೆ, ಗಟ್ಟಿ ಐಸಿಗೆ ಆಳದ ತಗ್ಗು ಒಪ್ಪುತ್ತದೆ. ಭಾರದ ಆಟಗಾರರಿಗೆ, ಮೆತ್ತಗಿನ ಐಸಿಗೆ ಆಳ ಕಡಿಮೆ ಇದ್ದರೆ ವಾಸಿ. ಲೇಹ್‌ನ ಬಯಲಿನ ಐಸ್ ಚಳಿಗೆ ಕಲ್ಲಾಗಿರುತ್ತದೆ, ಗಾಳಿಗೆ ಮರಳೂ ಬಂದು ಕೂರುತ್ತದೆ, ಹಾಗಾಗಿ ಅಂಚು ಬೇಗ ಹೋಗುತ್ತದೆ. ಮೊದಲ ಸಲ ಹೋಗುವವರು ಅರ್ಧ ಇಂಚಿನಿಂದ ಶುರು ಮಾಡಿ, ಜಾರಿದರೆ ಆಳ ಮಾಡಿಸಿ, ಬ್ರೇಕ್ ಹಾಕುವಾಗ ಕಾಲು ಕಚ್ಚಿಕೊಂಡಂತಾದರೆ ಕಡಿಮೆ ಮಾಡಿಸಿ.

ಸಾಣೆ ಆಗಿ ಬಂದ ಮೇಲೆ ಅಲ್ಲೇ ನಿಂತು ಪರೀಕ್ಷೆ ಮಾಡಿ. ಸ್ಕೇಟನ್ನು ತಲೆಕೆಳಗಾಗಿ ಹಿಡಿದು ಬ್ಲೇಡಿನ ಮೇಲೆ ಅಡ್ಡಕ್ಕೆ ಒಂದು ನೇರ ನಾಣ್ಯ ಇಡಿ. ನಾಣ್ಯ ಬ್ಲೇಡಿಗೆ ಸರಿಯಾಗಿ ಅಡ್ಡ ನಿಂತರೆ ಎರಡೂ ಅಂಚು ಸಮ. ಒಂದು ಕಡೆಗೆ ವಾಲಿದರೆ ಒಂದು ಅಂಚು ಎತ್ತರ ಉಳಿದಿದೆ, ಮತ್ತೆ ಮಾಡಿ ಅಂತ ಕೇಳಿ, ಸಂಕೋಚ ಬೇಡ. ಉಗುರನ್ನು ಅಂಚಿನ ಮೇಲೆ ಅಡ್ಡಕ್ಕೆ ಮೆಲ್ಲಗೆ ಎಳೆದರೆ ಸಣ್ಣ ಪುಡಿ ಏಳಬೇಕು. ಬೆರಳನ್ನು ಉದ್ದಕ್ಕೆ ಎಳೆಯಬೇಡಿ, ಕೊಯ್ಯುತ್ತದೆ.

ಬ್ಲೇಡಿನಲ್ಲಿ ಸಿಮೆಂಟಿನ ಮೇಲೆ ನಾಲ್ಕು ಹೆಜ್ಜೆ ನಡೆದರೂ ಅಂಚು ಹೋಯಿತು, ಪ್ಲಾಸ್ಟಿಕ್ ಗಾರ್ಡ್ ಹಾಕಿಯೇ ನಡೆಯಬೇಕು. ಚಕ್ರದ ಅಭ್ಯಾಸದ ಮಕ್ಕಳು ಇದನ್ನೇ ಮರೆಯುತ್ತಾರೆ. ಆಟ ಮುಗಿದ ಮೇಲೆ ಗಾರ್ಡ್ ತೆಗೆದು ಬ್ಲೇಡ್ ಒರೆಸಿ, ಬಟ್ಟೆಯ ಕವರ್ ಹಾಕಿ. ಪ್ಲಾಸ್ಟಿಕ್ ಗಾರ್ಡಿನಲ್ಲೇ ಬಿಟ್ಟರೆ ಒಳಗೆ ನೀರು ನಿಂತು ತುಕ್ಕು ಬರುತ್ತದೆ. ಬಳ್ಳಾರಿಗೆ ವಾಪಸ್ ಬಂದ ಮೇಲೆ ಬ್ಲೇಡಿಗೆ ಅದೇ ಹೊಲಿಗೆ ಮಷಿನ್ ಎಣ್ಣೆಯ ತೆಳು ಪಸೆ ಹಚ್ಚಿ ಎತ್ತಿಡಿ, ಮುಂದಿನ ಚಳಿಗಾಲಕ್ಕೆ ಹೋದಾಗ ಮೊದಲು ಎಣ್ಣೆ ಒರೆಸಿ, ಆಮೇಲೆ ಸಾಣೆಗೆ ಕೊಡಿ.